ಗವಾಕ್ಷಿ ಮುಚ್ಚಿದ ಬಾಬ್ತು

ಗುತ್ತಲು ರಸ್ತೆಯಲ್ಲಿ ನಮ್ಮದೊಂದು ಪತ್ತಿನ ಸಂಘ:
ಎರಡಂತಸ್ತು, ನೆತ್ತಿಗೆ ಹಳೇ ತಾರಸಿ,
ಕೆಳಗೆ ಲೆಡ್ಜರುಗಳು, ನಾನು,
ಮತ್ತು ಸದಾ ತೊಟ್ಟಿಕ್ಕುವ ಏಸಿಯ ಅಡಿಗೆ
ಒಂದು ನೀಲಿ ಬಕೆಟ್ಟು.
ಇಪ್ಪತ್ತೆರಡು ವರ್ಷದಿಂದ ಕರೆಂಟು ಬಿಲ್ಲಿಗೆ
ರುಜು ಹಾಕಿಸಿ ಕಟ್ಟಿಸುವವಳು ನಾನೇ.
ಬಡ್ಡಿಯಲ್ಲಿ ಪೈಸೆ ತಪ್ಪಿದರೆ ನಿದ್ದೆ ಬಾರದವಳು
ಈ ಬಿಲ್ಲನ್ನು ಮಾತ್ರ
ಬಿಸಿಲಿನ ಹಾಗೆ, ಬಂದಷ್ಟು ಬರಲಿ ಅಂದುಕೊಂಡಿದ್ದೆ.

ಮಾರ್ಚಿನಲ್ಲಿ ಶಾಹಿದಾ ಬಂದಳು,
ಮಂಡ್ಯದ್ದೇ ಪಾಲಿಟೆಕ್ನಿಕ್ಕಿನಲ್ಲಿ ಓದಿದ ಹುಡುಗಿ,
ಕೈಯಲ್ಲಿ ಜ್ವರ ನೋಡುವ ಪಿಸ್ತೂಲಿನಂಥದು.
ಗೋಡೆಗೆ ಗುರಿಯಿಟ್ಟಳು, ಬೀರುವಿನ ಬೆನ್ನಿಗೆ,
ಹಳೇ ಫ್ಯಾನಿನ ಹೊಟ್ಟೆಗೆ,
ಕೈಯಿಟ್ಟರೆ ಸುಡುವ ರೆಗ್ಯುಲೇಟರ್ ಡಬ್ಬಿಗೆ.
ತಾರಸಿ ಹತ್ತಿದೆವು. ಸಕ್ಕರೆ ಕಾರ್ಖಾನೆ ಉಗುಳಿದ ಮಸಿ
ಹಂಗಾಮಿನ ಮೇಲೆ ಹಂಗಾಮು ಕೂತು
ನೆಲವೆಲ್ಲ ಕಾದ ಬಾಣಲೆ.
‘ಐವತ್ತೆಂಟು’ ಅಂದಳು.
ನನ್ನ ವಯಸ್ಸು ಇವಳಿಗೆ ಹೇಗೆ ಗೊತ್ತಾಯಿತೋ ಎಂದು
ಒಂದು ಗಳಿಗೆ ಬೆಚ್ಚಿದೆ.

ಕೆಳಗಿಳಿದು ಕೇಳಿದಳು: ಸೂರಿನ ಹತ್ತಿರ
ಆ ಎಂಟು ಚೌಕ ತೇಪೆ ಯಾತಕ್ಕೆ?
ಯಾರಿಗೂ ಗೊತ್ತಿರಲಿಲ್ಲ. ನನಗದು ಗೋಡೆ, ಅಷ್ಟೇ.
ಬೀರುವಿನ ತಳದ ಅಡ್ಡೆಯಿಂದ
ತೊಂಬತ್ತೆಂಟನೇ ಇಸವಿಯ ವೋಚರ್ ಕಟ್ಟು ತೆಗೆದೆ.
ಏಸಿ ಬಂದ ವಾರವೇ ಬರೆದಿದ್ದರು:
‘ಗವಾಕ್ಷಿ ಮುಚ್ಚಿದ ಬಾಬ್ತು, ಗಾರೆ ಚಲುವಯ್ಯ,
ಸಿಮೆಂಟು ಎರಡು ಮೂಟೆ, ಕೂಲಿ ಸಹಿತ.’
ಕೆಳಗೆ ಎಡಗೈ ಹೆಬ್ಬೆಟ್ಟು,
ಸುಳಿ ಇನ್ನೂ ಮಾಸಿಲ್ಲ.

ಹೊಳಲಿನಿಂದ ಅಳಿಯನ ಟಿವಿಎಸ್ಸಿನ ಹಿಂದೆ ಕೂತು ಬಂದ.
ಮಂಡಿ ಮಡಚದು, ಏಣಿ ಹತ್ತುವುದಂತೂ ಇಲ್ಲ.
ಕೆಳಗೆ ನಿಂತೇ ಕೋಲಿನಲ್ಲಿ ತೋರಿಸಿದ:
‘ಮುಚ್ಚಿದ್ದೂ ನಾನೇ ಕಣವ್ವ.
ಬ್ಯಾಡಿ, ಬಿಸಿಗಾಳಿಗೆ ಅದುಬುಟ್ರೆ ಬ್ಯಾರೆ ದಾರಿ ಇಲ್ಲ ಅಂದೆ.
ಕೂಲಿ ಕೊಡೋರು ಅವರು, ಗೋಡೆ ಅವರದು.
ಅದ್ಕೇ ಸಿಮೆಂಟು ಹಾಕ್ನಿಲ್ಲ.
ಮಣ್ಣಲ್ಲೇ ಇಟ್ಟಿಗೆ ಕೂರ್ಸಿ ಮೇಲೆ ಒಸಿ ಗಾರೆ ಎಳ್ದೆ.
ಇವತ್ತಲ್ಲ ನಾಳೆ ತಗೀಬೇಕಾಯ್ತದೆ ಅಂತ ಗೊತ್ತಿತ್ತು.’

ಎರಡು ಮೂಟೆ.
ವೋಚರು ನನ್ನ ಕೈಯಲ್ಲೇ ಇತ್ತು.
ಮಡಚಿ ಕಟ್ಟಿನೊಳಗೆ ಇಟ್ಟೆ, ದಾರ ಬಿಗಿದೆ.

ಅಳಿಯ ಉಳಿಯಿಂದ ಎರಡು ಏಟು ಹಾಕಿದ್ದಷ್ಟೇ,
ಇಟ್ಟಿಗೆ ಹಲ್ಲಿನ ಹಾಗೆ ಅಲುಗಿತು.
ಒಳಗೆ ತೇಗದ ಚೌಕಟ್ಟು, ಗಿರಗಟ್ಟೆ, ಹಗ್ಗದ ಪುಡಿ.
ಎಂಟನೆಯದು ತೆರೆಯುವ ಹೊತ್ತಿಗೆ
ಮೇಜಿನ ಮೇಲಿನ ಸಾಲದ ಅರ್ಜಿಗಳು ಮೈ ಮುರಿದವು.
ಡ್ರಾಯರಿನಲ್ಲಿ ಬಿದ್ದಿದ್ದ ಗಾಜಿನ ಗುಂಡುಗಳಿಗೆ
ಮತ್ತೆ ನೌಕರಿ ಸಿಕ್ಕಿತು.

ಉಳಿದದ್ದು ಸಣ್ಣ ಸಣ್ಣ ಕೆಲಸ.
ತಾರಸಿ ಉಜ್ಜಿ, ಅಂಟು ಕಲಸಿ, ಮೂರು ಸಲ ಸುಣ್ಣ;
ಪಡುವಣದ ಕಿಟಕಿಗೆ ಬಿದಿರು ತಟ್ಟಿ;
ಕಡಿಮೆ ಕರೆಂಟಿನ ಫ್ಯಾನು ಆರು, ಗುಂಯ್‌ಗುಡದ ದೀಪ.
ಕಾರ್ಯದರ್ಶಿಗಳ ಕೋಣೆಯ ಏಸಿ ಮಾತ್ರ ಹಾಗೇ ಉಳಿಯಿತು.
ಅದು ಸೆಕೆಗಲ್ಲ, ಹುದ್ದೆಗೆ.

ಮೇ ತಿಂಗಳ ಬಿಲ್ಲು ಬಂತು.
ಚೆಸ್ಕಾಂನವರೇ ತಪ್ಪಿರಬೇಕೆಂದು
ಮೀಟರಿನ ಮುಂದೆ ಬಗ್ಗಿ ಮೂರು ಸಲ ಓದಿದೆ.
ಹೆಚ್ಚುಕಡಿಮೆ ಅರ್ಧ.
ಕಳೆದ ಇಪ್ಪತ್ತೆರಡು ವರ್ಷದ ಇನ್ನರ್ಧವನ್ನು
ರಾತ್ರಿ ಬೆರಳಲ್ಲೇ ಕೂಡುತ್ತಾ ಕೂತೆ,
ನಿದ್ದೆ ಬರಲಿಲ್ಲ.

ಜುಲೈ ಕೊನೆಗೆ ಕಬ್ಬು ನುರಿಯಲು ಶುರು.
ಬಿಳೀ ತಾರಸಿಯ ಮೇಲೆ ಮತ್ತೆ
ಕರೀ ಎಳ್ಳು ಚೆಲ್ಲಿದ ಹಾಗೆ ಮಸಿ.
ಶನಿವಾರ ಸಂಜೆ ಸೆರಗು ಸಿಕ್ಕಿಸಿ ಹತ್ತುತ್ತೇನೆ,
ಗುಡಿಸುತ್ತೇನೆ. ಮುಂದಿನ ಶನಿವಾರ ಅಷ್ಟೇ ಮಸಿ.
ಪೊರಕೆ ಒಂದು, ಎಂಬತ್ತು ರೂಪಾಯಿ.
ಯಾವ ಬಾಬ್ತಿಗೆ ಹಾಕ್ತೀರಿ ಎಂದು ಕಾರ್ಯದರ್ಶಿಗಳು ಕೇಳಿದರು.
‘ವಿದ್ಯುತ್’ ಎಂದು ಬರೆದೆ.